ಹಳೇ ಟ್ರ್ಯಾಕ್ಟರಿಗೆ ಮಣ್ಣಿನ ಬಕೆಟ್: ಹೊಸದು, ಕೈಯಾರೆ ಮಾಡಿದ್ದು, ಬಳಸಿದ್ದು

ಹಳೇ ಟ್ರ್ಯಾಕ್ಟರಿನ ಹಿಂದೆ ಕಟ್ಟಲು ಮಣ್ಣೆತ್ತುವ ಬಕೆಟ್ ಬೇಕು, ಕೊಳ್ಳಲೋ ಮಾಡಲೋ ಎಂದು ಯೋಚಿಸುತ್ತಿರುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಯಾರೋ ಬಳಸಿ ಮೂಲೆಗಿಟ್ಟ ಭಾರವಾದ ಹಳೇ ಬಕೆಟ್ ಹುಡುಕಿ ಕೊಳ್ಳಿ, ಸವೆದದ್ದನ್ನು ಸರಿಮಾಡಿಕೊಳ್ಳಿ. ನಾನು ಹೊಸದನ್ನು ಕೊಂಡು, ಆಮೇಲೆ ಒಂದನ್ನು ನಾನೇ ಮಾಡಿ, ಕೊನೆಗೆ ಈ ಮೂರನೆಯದಕ್ಕೆ ಬಂದವನು.

ನನ್ನದು ಮ್ಯಾಸಿ ಫರ್ಗುಸನ್ 35. ಕೆಲಸ ದೊಡ್ಡದೇನಲ್ಲ: ದಿಬ್ಬದ ಮಣ್ಣು ತಂದು ತಗ್ಗು ತುಂಬುವುದು, ಮಳೆಗೆ ಕೊಚ್ಚಿದ ದಾರಿ ಸರಿಮಾಡುವುದು. ಕೆಲಸಕ್ಕೆ ಇರುವವನು ನಾನೊಬ್ಬನೇ. ಮುಂದೆ ಹೇಳುವ ಸಿಟ್ಟಿಗೆಲ್ಲ ಇದೇ ಮೂಲ, ಏಕೆಂದರೆ ಸೀಟಿನಿಂದ ಇಳಿದು ಹತ್ತುವ ಪ್ರತಿ ಸಲವೂ ನನ್ನ ಮಂಡಿಯ ಲೆಕ್ಕಕ್ಕೇ ಬೀಳುತ್ತದೆ.

ಮೊದಲು ಕೊಂಡದ್ದು ಹೊಚ್ಚ ಹೊಸ ಬಕೆಟ್. ಒಬ್ಬನೇ ಜೋಡಿಸಬಹುದಾದಷ್ಟು ಹಗುರ. ಆ ಹಗುರವೇ ಮುಳುವಾಯಿತು. ಇಂಥ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಲಿಫ್ಟ್ ಮೇಲಕ್ಕೆ ಎತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ಬಕೆಟ್ ಇಳಿಯುವುದು ತನ್ನದೇ ಭಾರಕ್ಕೆ, ನೆಲ ಕಚ್ಚುವುದೂ ಅದೇ ಭಾರಕ್ಕೆ. ಗಟ್ಟಿ ನೆಲದ ಮೇಲೆ ಅದು ಮಣ್ಣು ಕೆರೆಯದೆ ಸುಮ್ಮನೆ ಜಾರಿಕೊಂಡು ಬಂತು. ಬಾಯಿ ಟ್ರ್ಯಾಕ್ಟರಿನ ಕಡೆಗಿದ್ದಾಗ ಟಾಪ್ ಲಿಂಕ್, ಅಂದರೆ ಟ್ರ್ಯಾಕ್ಟರಿಗೂ ಬಕೆಟ್ಟಿಗೂ ನಡುವಿನ ಮೇಲಿನ ಕೊಂಡಿ, ಗಿಡ್ಡ ಮಾಡಿದರೆ ಬಾಯಂಚಿನ ಅಲಗು ಕೆಳಗೆ ಬಾಗುತ್ತದೆ. ಅದನ್ನೂ ಮಾಡಿದೆ, ಒಂದಿಷ್ಟು ಕಚ್ಚಿತು. ಮೊದಲು ಕಲ್ಟಿವೇಟರ್ ಹೊಡೆದು ನೆಲ ಸಡಿಲಿಸಿಕೊಂಡರೆ ಚೆನ್ನಾಗಿಯೇ ತುಂಬಿತು. ಆದರೆ ಪ್ರತಿ ಸಲ ಬಕೆಟ್ ಬಿಚ್ಚಿ ಕಲ್ಟಿವೇಟರ್ ಕಟ್ಟಿ, ಮತ್ತೆ ಬಕೆಟ್ ಕಟ್ಟುವಷ್ಟು ತಾಳ್ಮೆ ನನಗಿಲ್ಲ. ತೆಳು ಪ್ಲೇಟಿನ ಮೂಲೆಗಳು ಕಲ್ಲಿಗೆ ತಾಗಿ ಮಡಿಚಿಕೊಂಡ ದಿನ ಅದನ್ನು ಮಾರಿಬಿಟ್ಟೆ.

ಆಮೇಲೆ ಬಂತು ನಾನೇ ಮಾಡುವ ಹಟ. ವೆಲ್ಡಿಂಗ್ ಮೆಷಿನ್ ಮನೆಯಲ್ಲೇ ಇತ್ತು. 6 ಮಿ.ಮೀ. ಪ್ಲೇಟು ತಂದು, ಕೂಲಿ ಕೊಟ್ಟು ಬಗ್ಗಿಸಿಕೊಂಡು, ಮೂರು ವಾರದ ಸಂಜೆಗಳನ್ನು ಅದಕ್ಕೇ ಕೊಟ್ಟೆ. ಅಲಗಿಗೆ ಲಾರಿಯ ಸ್ಪ್ರಿಂಗ್ ಪಟ್ಟಿ ಹಾಕಿ ಸಾಮಾನ್ಯ ರಾಡಿನಲ್ಲೇ ವೆಲ್ಡ್ ಮಾಡಿದೆ. ತಣ್ಣಗಾದ ಮೇಲೆ ಬೆಸುಗೆಯ ಪಕ್ಕದಲ್ಲೇ ಉದ್ದಕ್ಕೆ ಬಿರುಕು. ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಮೊದಲೇ ಕಾಯಿಸಿ, ಬಿರುಕು ಕಡಿಮೆ ಮಾಡುವ ಲೋ ಹೈಡ್ರೋಜನ್ ರಾಡ್ ಬಳಸಿ, ನಿಧಾನಕ್ಕೆ ಆರಲು ಬಿಡಬೇಕು. ಅದಕ್ಕಿಂತ ಬೋಲ್ಟ್ ಹಾಕಿ ಬಿಗಿಯುವುದೇ ಮೇಲು, ಸವೆದಾಗ ತಿರುಗಿಸಿಯೂ ಹಾಕಬಹುದು. ಇದು ಸಣ್ಣ ತಪ್ಪು, ಒಂದು ದಿನದಲ್ಲಿ ಸರಿಹೋಯಿತು.

ಸರಿಹೋಗದೆ ಕಾಡಿದ್ದು ಮಣ್ಣು ಸುರಿಯುವ ಲಾಕು. ಹಗ್ಗ ಎಳೆದರೆ ಬಕೆಟ್ ಮಗುಚಿ ಮಣ್ಣು ಸುರಿಯಬೇಕು, ಖಾಲಿಯಾದ ಮೇಲೆ ತಾನಾಗಿ ಹಿಂದಕ್ಕೆ ಬಂದು ಲಾಕಿನಲ್ಲಿ ಕೂರಬೇಕು. ಕೇಳುವುದಕ್ಕೆ ಸುಲಭ. ಎಲ್ಲವೂ ನಿಂತಿರುವುದು ಬಕೆಟ್ ತಿರುಗುವ ಪಿನ್ನನ್ನು ಎಲ್ಲಿ ಕೂರಿಸುತ್ತೀರಿ ಎಂಬುದರ ಮೇಲೆ. ಮಣ್ಣು ತುಂಬಿದಾಗ ಒಟ್ಟು ಭಾರ ಪಿನ್ನಿನಿಂದ ಬಾಯಿಯ ಕಡೆಗೆ ಬೀಳಬೇಕು, ಆಗಲೇ ಅದು ಮಗುಚುವುದು. ಖಾಲಿಯಾದಾಗ ಭಾರ ಬೆನ್ನಿನ ಕಡೆಗೆ ಬೀಳಬೇಕು, ಆಗಲೇ ಅದು ಮರಳುವುದು. ಈ ಎರಡರ ನಡುವಿನ ಜಾಗ ತೀರಾ ಕಿರಿದು.

ನಾನು ಟೇಪ್ ಹಿಡಿದು ಉದ್ದದ ನಟ್ಟನಡುವೆ ಪಿನ್ನು ಹಾಕಿದ್ದೆ. ಬಾಯಿಯಲ್ಲಿ ದಪ್ಪ ಅಲಗು ಕೂತಿದ್ದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಹಾಗಾಗಿ ಬಕೆಟ್ ಸುರಿಯಿತು, ಮರಳಲಿಲ್ಲ. ಪ್ರತಿ ಸಲ ಇಳಿದು, ಬಕೆಟ್ಟಿನ ಬೆನ್ನು ಹಿಡಿದು ಜಗ್ಗಿ ಕೂರಿಸಬೇಕು. ಪಿನ್ನನ್ನು 40 ಮಿ.ಮೀ. ಬಾಯಿಯ ಕಡೆಗೆ ಸರಿಸಿದೆ. ಈಗ ಸೊಗಸಾಗಿ ಮರಳಿತು, ಆದರೆ ಹಸಿ ಮಣ್ಣು ಬೆನ್ನಿಗೆ ಅಂಟಿದರೆ ಮಗುಚಲೇ ಇಲ್ಲ. ಮತ್ತೆ ಕತ್ತರಿಸಿ ಅರ್ಧ ದೂರ ಹಿಂದಕ್ಕೆ ತಂದು, ಬೆನ್ನಿನ ಹೊರಗೆ ಕಬ್ಬಿಣದ ತುಂಡೊಂದನ್ನು ವೆಲ್ಡ್ ಮಾಡಿದ ಮೇಲೆ ಹತ್ತರಲ್ಲಿ ಎಂಟು ಸಲ ಹೇಳಿದ ಮಾತು ಕೇಳತೊಡಗಿತು.

ಅಷ್ಟರಲ್ಲಿ ಲಾಕಿನ ಕೊಕ್ಕೆಯ ತಗಾದೆ. ಕೊಕ್ಕೆಯ ಮುಖ ಒಳಕ್ಕೆ ಬಾಗಿದ್ದರೆ ತುಂಬಿದ ಬಕೆಟ್ಟಿನ ಭಾರಕ್ಕೆ ಅದು ಕಚ್ಚಿಕೊಂಡು, ಎರಡೂ ಕೈಯಲ್ಲಿ ಎಳೆದರೂ ಹಗ್ಗ ಬಗ್ಗುವುದಿಲ್ಲ. ಹೊರಕ್ಕೆ ಉಜ್ಜಿದರೆ ಗುಂಡಿಯಲ್ಲಿ ಚಕ್ರ ಇಳಿದ ಕೂಡಲೇ ತಾನೇ ಬಿಚ್ಚಿಕೊಂಡು ದಾರಿ ಮಧ್ಯೆ ಮಣ್ಣು ಸುರಿಯುತ್ತದೆ. ಗ್ರೈಂಡರ್ ಹಿಡಿದು ಕೂದಲೆಳೆಯಷ್ಟು ಉಜ್ಜುವುದು, ಹೋಗಿ ನೋಡುವುದು, ಮತ್ತೆ ಉಜ್ಜುವುದು. ಎಷ್ಟು ಸಲ ಮಾಡಿದೆನೋ ಎಣಿಸಿಲ್ಲ.

ಒಂದು ದಿನ ಗಟ್ಟಿ ದಿಬ್ಬಕ್ಕೆ ಬಕೆಟ್ಟನ್ನು ರಿವರ್ಸ್‌ನಲ್ಲಿ ಜೋರಾಗಿ ನುಗ್ಗಿಸಿ ಕೆಳಗಿನ ಲಿಂಕನ್ನೇ, ಅಂದರೆ ಬಕೆಟ್ ಹೊರುವ ಟ್ರ್ಯಾಕ್ಟರಿನ ತೋಳನ್ನೇ, ಬಗ್ಗಿಸಿಕೊಂಡೆ. ಆ ತಪ್ಪು ಪೂರಾ ನನ್ನದು. ಈ ಲಿಂಕುಗಳನ್ನು ಮಾಡಿರುವುದು ಉಪಕರಣ ಎಳೆಯಲು, ತಳ್ಳಲು ಅಲ್ಲ. ಸಡಿಲ ರಾಶಿಗೆ ಮೆಲ್ಲಗೆ ಹಿಂದೆ ಹೋಗಬಹುದು. ಗಟ್ಟಿ ನೆಲವಾದರೆ ಬಾಯಿ ತಿರುಗಿಸಿಕೊಂಡು ಮುಂದಕ್ಕೆ ಎಳೆಯುತ್ತಾ ತುಂಬಬೇಕು.

ಹಳೇ ಬಕೆಟ್ ಸಿಕ್ಕಿದ್ದು ಆ ಲಿಂಕ್ ಸರಿಮಾಡಿಸುವ ಹೊತ್ತಿಗೆ. ತುಕ್ಕು ಹಿಡಿದಿತ್ತು, ಅಲಗು ಸವೆದಿತ್ತು, ಪಿನ್ನಿನ ತೂತುಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಆದರೂ ಹಗ್ಗ ಎಳೆದು ನೋಡಿದೆ: ಠಕ್ ಎಂದು ಮಗುಚಿತು, ಠಕ್ ಎಂದು ಮರಳಿ ಕೂತಿತು. ಕೊಕ್ಕೆ ಕೂರುವ ಕಡೆ ಒಂದು ಪುಟ್ಟ ರೋಲರ್ ಇತ್ತು. ಉಜ್ಜಾಟವಿಲ್ಲದ್ದರಿಂದ ಕೊಕ್ಕೆ ಆಳವಾಗಿ ಹಿಡಿದರೂ ಹಗುರವಾಗಿ ಬಿಡುತ್ತದೆ. ನಾನು ಅಷ್ಟು ಸಂಜೆ ಕಳೆದು ಹುಡುಕಿದ್ದು ಆ ಒಂದು ರೋಲರಿನಲ್ಲಿತ್ತು. ಅಲ್ಲೇ ಮಾತು ಮುಗಿಸಿ ತಂದೆ.

ಖರ್ಚು: ಹೊಸದರ ಅರ್ಧಕ್ಕೂ ಕಮ್ಮಿ. ನಾನು ಮಾಡಿದ್ದಕ್ಕೆ ಪ್ಲೇಟು, ಬಗ್ಗಿಸಿದ ಕೂಲಿ, ರಾಡು, ಗ್ರೈಂಡರ್ ಡಿಸ್ಕು ಸೇರಿ ಹೊಸದರ ಮುಕ್ಕಾಲು ಪಾಲು ಹೋಗಿತ್ತು, ನನ್ನ ಕೂಲಿ ಬಿಟ್ಟು.

ಬಳಸಿದ್ದನ್ನು ಕೊಳ್ಳುವಾಗ ಅದನ್ನು ಟ್ರ್ಯಾಕ್ಟರಿನ ಲಿಂಕುಗಳಿಗೆ ಕಟ್ಟುವ ಪಿನ್ನು ಅಳೆಯಿರಿ. ಈ ಪಿನ್ನುಗಳಿಗೆ ಗೊತ್ತಾದ ಅಳತೆಗಳಿವೆ, ಅವನ್ನು ಕ್ಯಾಟಗರಿ ಎನ್ನುತ್ತಾರೆ. ಚಿಕ್ಕ ಟ್ರ್ಯಾಕ್ಟರುಗಳ ಕ್ಯಾಟಗರಿ 1ರಲ್ಲಿ ಕೆಳಗಿನ ಪಿನ್ನು 22 ಮಿ.ಮೀ., ಮೇಲಿನದು 19. ಕ್ಯಾಟಗರಿ 2ರಲ್ಲಿ 28 ಮತ್ತು 25, ಎರಡು ಕೆಳ ಲಿಂಕುಗಳ ನಡುವಿನ ಅಂತರವೂ ಹೆಚ್ಚು. ದೊಡ್ಡದು ಸಿಕ್ಕರೆ ಪಿನ್ನಿನ ಜಾಗವನ್ನೇ ಬದಲಿಸಬೇಕು.

ಭಾರದ ಬಕೆಟ್ಟಿಗೆ ಒಂದು ಬೆಲೆ ತೆರಬೇಕು, ಮುಂದಿನ ಚಕ್ರ ಹಗುರಾಗುತ್ತದೆ. ಕಾಲು ಘನ ಮೀಟರ್ ಸಡಿಲ ಮಣ್ಣೆಂದರೆ 300 ಕಿಲೋ ಹತ್ತಿರ, ಹಸಿಯಾದರೆ ಇನ್ನೂ ಹೆಚ್ಚು, ಅದಷ್ಟೂ ಹಿಂದಿನ ಆಕ್ಸಲ್ಲಿನ ಆಚೆ ತೂಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ನೇರ ಹೋಗುವ ಅನುಭವ ಒಮ್ಮೆ ಆದರೆ ಸಾಕು. ಮುಂದೆ ತೂಕ ಕಟ್ಟಿದ್ದೇನೆ, ಬಕೆಟ್ಟನ್ನು ನೆಲದಿಂದ ಗೇಣಿಗಿಂತ ಮೇಲೆ ಎತ್ತಿ ಓಡಿಸುವುದಿಲ್ಲ, ಇಳಿಜಾರಿಗೆ ಅಡ್ಡ ಹೋಗುವುದಿಲ್ಲ.

ವೆಲ್ಡಿಂಗ್ ಮಾಡುವುದೇ ಖುಷಿ, ಮಣ್ಣಿನ ಕೆಲಸಕ್ಕೆ ಆತುರವಿಲ್ಲ ಎನ್ನುವವರು ಮಾಡಿಕೊಳ್ಳಲಿ. ಆದರೆ ಮೊದಲು ರಟ್ಟಿನಲ್ಲಿ ಒಂದು ಮಾಡಿ, ಅದರೊಳಗೆ ಭಾರ ಇಟ್ಟು, ಪಿನ್ನಿನ ಜಾಗ ಹುಡುಕಿ, ಆಮೇಲೆ ಕಬ್ಬಿಣಕ್ಕೆ ಕೈ ಹಾಕಿ. ನೆಲ ಮರಳು ಮರಳಾಗಿ ಸಡಿಲವಿದ್ದರೆ ಹಗುರವಾದ ಹೊಸದೂ ಸಾಕು.

ಹಗ್ಗವನ್ನು ಮಾತ್ರ ಸಡಿಲ ಬಿಡಬೇಡಿ. ನನ್ನದು ಒಮ್ಮೆ ಹಿಂದಿನ ಟೈರಿನ ಉಬ್ಬು ಪಟ್ಟಿಗೆ ಸಿಕ್ಕಿ ಲಾಕು ಎಳೆದೇಬಿಟ್ಟಿತು. ಈಗ ಮಡ್‌ಗಾರ್ಡಿಗೆ ಒಂದು ಬಳೆ ಬೆಸೆದು ಅದರೊಳಗಿಂದ ತಂದು ಸೀಟಿನ ಪಕ್ಕ ಸಿಕ್ಕಿಸಿದ್ದೇನೆ.