ಏಳ ತಿಂಗಳ ಕೂಸಿಗೆ ಪೀನಟ್ ಬಟರ್: ಬಾಗಲಕೋಟ ನವನಗರದಿಂದ ನನ್ನ ರಿವ್ಯೂ

ಮೊದಲ ರೇಟಿಂಗ್ ಹೇಳಿಬಿಡ್ತೀನಿ, 5ಕ್ಕ 4. ವಸ್ತು ಯಾವುದಂದ್ರ ಸಕ್ಕರಿ ಉಪ್ಪು ಹಾಕದ ಸಾದಾ ಪೀನಟ್ ಬಟರ್, ಕ್ರೀಮಿ ಅಂತ ಬರ್ತೈತಲ್ಲ ಆ ನುಣ್ಣಂದು, ಕ್ರಂಚಿ ಅಲ್ಲ. ಮುಂದ ಶೇಂಗಾ ಅಲರ್ಜಿ ಆಗೋ ಸಂಭವ ಕಡಿಮಿ ಆಗ್ಲಿ ಅಂತ ಮಗಳ ಸಲುವಾಗಿ ತರಿಸಿದ್ದು. ಬ್ರ್ಯಾಂಡ್ ಯಾವುದಂತ ಎಲ್ಲಾರೂ ಕೇಳ್ತಾರ, ಬ್ರ್ಯಾಂಡ್ ಬಿಡ್ರಿ, ಡಬ್ಬಿ ತಿರುವಿ ಹಿಂದಿನ ಇಂಗ್ರೀಡಿಯಂಟ್ಸ್ ಓದ್ರಿ, ಹುರಿದ ಶೇಂಗಾ ಅಂತ ಒಂದ ಹೆಸರು ಇದ್ರ ತಗೋರಿ, ಎರಡನೇ ಹೆಸರು ಬಂತಂದ್ರ ಅಲ್ಲೇ ಇಟ್ಟ ಬರ್ರಿ. ಜೇನತುಪ್ಪ ಹಾಕಿದ್ದಂತೂ ವರ್ಷ ತುಂಬೋತನಾ ಮುಟ್ಟಸಬ್ಯಾಡ್ರಿ, ಬೊಟುಲಿಸಂ ಅನ್ನೋ ಕಾಯಿಲಿ ಭಯ ಐತಿ, ಅದು ಶೇಂಗಾದ ತಪ್ಪಲ್ಲ, ಜೇನಿಂದು.

ಶೇಂಗಾ ಬೆಳಿಯೋ ಸೀಮ್ಯಾಗ ಕುಂತು ಶೇಂಗಾನ ಪಾರ್ಸಲ್ ತರಸ್ತಿಯಲ್ಲ ಅಂತ ನಮ್ಮ ಮನಿಯವರು ಚ್ಯಾಷ್ಟಿ ಮಾಡಿದ್ರು. ಖರೇನ, ನಮ್ಮ ಕಡೆ ಯಾವ ಅಡಗಿಮನಿ ಹೊಕ್ಕರೂ ಶೇಂಗಾ ಸಿಗತೈತಿ. ಆದ್ರ ಹಲ್ಲಿಲ್ಲದ ಕೂಸಿಗೆ ಅದರಾಗ ಏನ ಕೊಡ್ತೀರಿ ಹೇಳ್ರಿ? ಶೇಂಗಾ ಹಿಂಡಿ ಅಂದ್ರ ಚಟ್ನಿಪುಡಿ, ಅದರಾಗ ಖಾರ, ಬಳ್ಳೊಳ್ಳಿ, ಉಪ್ಪು. ಹೋಳಿಗ್ಯಾಗ ಬೆಲ್ಲ. ಚಿಕ್ಕಿ, ಹುರಿದ ಕಾಳು ಉಸಿರನಾಳಕ್ಕ ಸಿಕ್ಕೊಂಡ್ರ ಜೀವಕ್ಕ ಅಪಾಯ, ಇಡೀ ಕಾಳು ನಾಕೈದು ವರ್ಷ ಆಗೋತನಾ ಕೊಡಾಕ ಬರಂಗಿಲ್ಲ. ಹಂಗಾಗಿ ಮನಿ ತುಂಬ ಶೇಂಗಾ ಇದ್ರೂ ಕೂಸಿನ ಬಾಯಿಗೆ ಮಾತ್ರ ಹೋಗಂಗಿಲ್ಲ. ಮೈಗೆ ಹೋಗತೈತಿ, ತೊಡಕು ಇರೋದ ಅಲ್ಲಿ.

ಹೆಂಗಂದ್ರ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಿಡಿಯನ್ ಲ್ಯಾಕ್ ಅಂತ ಒಬ್ಬರು ಅಲರ್ಜಿ ಡಾಕ್ಟರ್ ಅದಾರ, ಅವರ ವಾದ ಏನಂದ್ರ ಎಕ್ಸಿಮಾ (ಚರ್ಮ ಒಣಗಿ ಕೆರೆತ ಬರೋ ರೋಗ) ಆಗಿ ಒಡದ ಚರ್ಮದಿಂದ ಶೇಂಗಾದ ಧೂಳು ಮೊದಲ ಒಳಗ ಹೋದ್ರ ಮೈ ಅದನ್ನ ವೈರಿ ಅಂತ ತಿಳಕೊಳ್ಳತೈತಿ, ಅದ ಬಾಯಿಂದ ಹೊಟ್ಟಿಗೆ ಮೊದಲ ಹೋದ್ರ ನಮ್ಮಾವ ಅಂತ ಒಪ್ಕೊಳ್ಳತೈತಿ. ನಮ್ಮ ಅತ್ತಿಯವರು ಶೇಂಗಾ ಹುರಿದು ಮೊರದಾಗ ಕೇರೋದು ಪಡಸಾಲ್ಯಾಗ, ಕೂಸು ಹೊರಳ್ಯಾಡೋದೂ ಅಲ್ಲೇ, ಇದನ್ನ ಓದಿದ ಮ್ಯಾಲ ನನಗ ಸುಮ್ನ ಕುಂಡ್ರಾಕ ಆಗಲಿಲ್ಲ. ಲ್ಯಾಕ್ ಅವರಿಗೆ ಅನುಮಾನ ಬಂದಿದ್ದು ಇಸ್ರೇಲಿನ ಕೂಸುಗಳನ್ನ ನೋಡಿ, ಅಲ್ಲಿ ಬಾಂಬಾ ಅಂತ ಬಾಯಾಗ ಕರಗೋ ಶೇಂಗಾ ತಿಂಡಿ ಸಣ್ಣವರಿದ್ದಾಗಿಂದ ತಿಂತಾವು, ಬ್ರಿಟನ್ನಿನ ಯಹೂದಿ ಮಕ್ಕಳಾಗ ಅಲ್ಲಿಗಿಂತ ಸುಮಾರು ಹತ್ತು ಪಟ್ಟು ಶೇಂಗಾ ಅಲರ್ಜಿ ಇತ್ತು. ಆಮ್ಯಾಲ ಲೀಪ್ ಅನ್ನೋ ಸ್ಟಡಿ ಮಾಡಿದ್ರು, 2015ಕ್ಕ ಹೊರಗ ಬಂತು. ಜೋರ ಎಕ್ಸಿಮಾ ಇಲ್ಲಾ ತತ್ತಿ ಅಲರ್ಜಿ ಇದ್ದ 4ರಿಂದ 11 ತಿಂಗಳಿನ 640 ಕೂಸುಗಳು, ಅರ್ಧಕ್ಕ ಶೇಂಗಾ ತಿನಸೋದು, ಅರ್ಧಕ್ಕ ಪೂರ್ತಿ ಬಂದ್, ಐದ ವರ್ಷ ತುಂಬೋತನಾ. ಶುರುವಿಗೆ ಶೇಂಗಾ ಅಲರ್ಜಿ ನೋಡೋ ಚರ್ಮದ ಟೆಸ್ಟ್‌ನಾಗ ಏನೂ ಬರದಂಥ ಕೂಸುಗಳನ್ನ ಹಿಡದ್ರ, ಬಂದ್ ಮಾಡಿದವರಾಗ ನೂರಕ್ಕ 13.7 ಮಂದಿಗೆ ಅಲರ್ಜಿ ಆತು, ತಿಂದವರಾಗ 1.9. ಇದಕ್ಕಿಂತ ಮೊದಲ, 2000ದಾಗ, ಅಮೆರಿಕಾದ ಮಕ್ಕಳ ಡಾಕ್ಟರ್ ಸಂಘ ಅಪಾಯ ಇದ್ದ ಕೂಸಿಗೆ ಮೂರು ವರ್ಷತನಾ ಶೇಂಗಾ ಕೊಡಬ್ಯಾಡ್ರಿ ಅಂದಿತ್ತು, 2008ಕ್ಕ ಆ ಮಾತು ವಾಪಸ್ ತಗೊಂತು.

ಮನ್ಯಾಗ ಮಾತ್ರ "ಶೇಂಗಾ ಪಿತ್ತ ಅಲ್ಲೇನ ಯವ್ವಾ, ಇಷ್ಟ ಸಣ್ಣ ಕೂಸಿಗೆ?" ಅಂತ ಅತ್ತಿಯವರು. ಡಾಕ್ಟರ್ ಹೂಂ ಅಂದಾರ್ರಿ ಅತ್ತಿ ಅಂದೆ, ಅಷ್ಟಕ್ಕ ಸುಮ್ನಾದ್ರು.

ಈಗ ಡಬ್ಬಿ ಕತಿ. ತಗದಾಗ ಮ್ಯಾಲ ಎಣ್ಣಿ ನಿಂತಿರ್ತೈತಿ, ಕೆಟ್ಟಿಲ್ಲ ಅದು, ತಳಾತನಾ ಚಮಚಾ ಹಾಕಿ ತಿರುವಬೇಕು, ತಿರುವಿ ತಿರುವಿ ಕೈ ನೋಯ್ತೈತಿ, ಒಂದ ಸ್ಟಾರ್ ಕಟ್ ಮಾಡಿದ್ದು ಇದಕ್ಕ. ಹಂಗ ಗಟ್ಟಿಯಾಗಿ ಕೂಸಿನ ಬಾಯಿಗೆ ಇಡಬ್ಯಾಡ್ರಿ, ಅಂಟಗೊಂಡು ಉಸಿರು ಕಟ್ಟಬಹುದು. ಎರಡು ಟೀ ಚಮಚಾ ಬಟರಿಗೆ ಎರಡ ಮೂರು ಚಮಚಾ ಬಿಸಿನೀರು ಹಾಕಿ ಕಲಸ್ರಿ, ತೆಳ್ಳಗ ಆಗತೈತಿ, ಆರಿದ ಮ್ಯಾಲ ಕೊಡ್ರಿ, ನಾ ರಾಗಿ ಗಂಜ್ಯಾಗ ಕೂಡಸ್ತೀನಿ. ಈ ಕೆಲಸದಾಗ ಡಬ್ಬಿಗೆ ಫುಲ್ ಮಾರ್ಕ್ಸ್, ಗಂಟು ಉಳಿಯಂಗಿಲ್ಲ, ಮಗಳು ಚಮಚಾ ಬಿಡವಲ್ಲಳು.

ಮೊದಲನೇ ಸಲ ಕೊಡೋದು ಕೂಸು ಆರಾಮ ಇದ್ದ ದಿನ, ಹಗಲಿನ್ಯಾಗ, ಮನ್ಯಾಗ ದೊಡ್ಡವರು ಇದ್ದಾಗ. ಚಮಚಾದ ತುದಿಯಷ್ಟ ನೆಕ್ಕಿಸಿ ಹತ್ತ ನಿಮಿಷ ತಡೀರಿ, ಏನೂ ಆಗದಿದ್ರ ಉಳಿದದ್ದು ನಿಧಾನಕ್ಕ, ಮುಂದ ಎರಡು ತಾಸು ಕಣ್ಣಿಟ್ಟಿರ್ರಿ. ಮೈಮ್ಯಾಲ ಗಂಧಿ ಏಳೋದು, ತುಟಿ ಮಾರಿ ಬಾವು, ಮ್ಯಾಲಿಂದ ಮ್ಯಾಲ ವಾಂತಿ ಕಂಡ್ರ ಮುಂದಿನ ಚಮಚಾ ಬಂದ್ ಮಾಡಿ ಡಾಕ್ಟರ್ ಕಡೆ ಹೋಗ್ರಿ. ಉಸಿರಾಟಕ್ಕ ತ್ರಾಸ ಆದ್ರ, ಕೂಸು ಸೊರಗಿ ಜೋತು ಬಿದ್ರ ಯೋಚನಿ ಮಾಡಕೋತ ಕುಂಡ್ರದ 108ಕ್ಕ ಫೋನ್ ಮಾಡ್ರಿ. ಜೋರ ಎಕ್ಸಿಮಾ ಇದ್ದ ಕೂಸು, ತತ್ತಿ ಅಲರ್ಜಿ ಇದ್ದ ಕೂಸು ಇದ್ರ ನನ್ನ ರಿವ್ಯೂ ನೋಡಿ ಶುರು ಮಾಡಬ್ಯಾಡ್ರಿ, ಮೊದಲ ಡಾಕ್ಟರಿಗೆ ತೋರಸ್ರಿ, ಅವರು ಟೆಸ್ಟ್ ಮಾಡಿಸಿ ಹೇಳ್ತಾರ.

ಮನ್ಯಾಗ ಮಾಡಿದ್ರ ಆಗಂಗಿಲ್ಲೇನು ಅಂದ್ರ ಆಗತೈತಿ, ಹುರಿದು ಸಿಪ್ಪಿ ತಗದು ಮಿಕ್ಸಿಗೆ ಹಾಕಿ ಎಣ್ಣಿ ಬಿಡೋತನಾ ತಿರುವಬೇಕು. ನಮ್ಮ ಹಳೇ ಮಿಕ್ಸಿಯೊಳಗ ರವಾ ಹಂಗ ಉಳಿತು, ಕೂಸು ಉಗುಳಿತು, ಅದಕ್ಕ ಡಬ್ಬಿ. ನಿಮ್ಮ ಮಿಕ್ಸಿ ಛಲೋ ಇದ್ರ ರೊಕ್ಕ ಉಳಿಸ್ರಿ, ಆದ್ರ ಕಾಳು ಆರಿಸಿ ತಗೋರಿ, ಕಪ್ಪಾಗಿದ್ದು, ಬೂಸ್ಟು ಹಿಡದದ್ದು ಒಂದೂ ಬ್ಯಾಡ, ಅದರಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಹುರಿದ್ರೂ ಪೂರ್ತಿ ಹೋಗಂಗಿಲ್ಲ. ಒಣ ಪುಡಿ ಹಂಗ ಬಾಯಿಗೆ ಹಾಕೋದೂ ಬ್ಯಾಡ, ನೆತ್ತಿಗೇರತೈತಿ.

ಇನ್ನೊಂದು, ಒಂದ ಸಲ ನೆಕ್ಕಿಸಿ ಆತು ಮುಗೀತು ಅನ್ನೋ ಬಾಬತ್ತಲ್ಲ ಇದು. ಎರಡು ಟೀ ಚಮಚಾದಾಗ ಸುಮಾರು 2 ಗ್ರಾಂ ಶೇಂಗಾ ಪ್ರೋಟೀನ್ ಇರ್ತೈತಿ, ಲೀಪ್ ಸ್ಟಡಿಯೊಳಗ ವಾರಕ್ಕ ಕಡಿಮಿ ಅಂದ್ರ 6 ಗ್ರಾಂ ಮೂರು ಅಥವಾ ಹೆಚ್ಚು ಸಲ ಹಂಚಿ ಕೊಡತಿದ್ರು. ನಾವು ಸೋಮವಾರ, ಬುಧವಾರ, ಶುಕ್ರವಾರ ಅಂತ ಹಿಡದೀವಿ. ಈ ಲೆಕ್ಕಕ್ಕ ಸಣ್ಣ ಡಬ್ಬಿ ಒಂದೆರಡು ತಿಂಗಳು ಸಾಕು, ಆಫರ್ ಐತಿ ಅಂತ ಒಂದು ಕಿಲೋದ್ದು ತರಬ್ಯಾಡ್ರಿ, ನಮ್ಮ ಬ್ಯಾಸಗಿಗೆ ಕಮಟು ವಾಸನಿ ಬರತೈತಿ.