ಕೋಟಿಂಗ್ ಎಷ್ಟು ಗಟ್ಟಿ ಅಂತ ಕೇಳಿದೆ, ಎಷ್ಟು ಬಿಸಿ ತಡೆಯುತ್ತೆ ಅಂತ ಕೇಳಲಿಲ್ಲ

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಡೈ (ಲೋಹದ ಅಚ್ಚು) ವರ್ಕ್‌ಶಾಪ್. ಎರಡು ವಿಎಂಸಿ, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಮಿಲ್ಲಿಂಗ್ ಮಷಿನ್, ನಾಲ್ಕು ಜನ. ಎಂಡ್ ಮಿಲ್, ಅಂದರೆ ತಿರುಗುತ್ತಾ ಲೋಹ ಕತ್ತರಿಸುವ ಟೂಲ್, ಕೊಳ್ಳುವಾಗ ನಾನು ಮಾಡಿದ ಎಡವಟ್ಟನ್ನು ನೀವು ಮಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಟೂಲ್ ಮಾರುವವರೊಬ್ಬರು ಹೊಸ ಕಾರ್ಬೈಡ್ ಎಂಡ್ ಮಿಲ್ ತಂದು ತೋರಿಸಿದರು. "ಸರ್, ಈಗ ನೀವು ಹಾಕ್ತಿರೋದಕ್ಕಿಂತ ರೇಟು ಕಡಿಮೆ, ಗಟ್ಟಿತನ ಅಷ್ಟೇ. 3000 ವಿಕರ್ಸ್. ಕಣ್ಮುಚ್ಚಿ ತಗೊಳ್ಳಿ" ಅಂದರು. ನಿಜವಾಗಿಯೂ ಕಣ್ಮುಚ್ಚಿಯೇ ಹತ್ತು ಟೂಲ್ ತೆಗೆದುಕೊಂಡೆ. ಅದರ ಕೋಟಿಂಗ್, ಅಂದರೆ ಕಾರ್ಬೈಡ್ ಮೇಲಿನ ತೆಳು ಗಟ್ಟಿ ಲೇಪ, ಟೈಟಾನಿಯಂ ಕಾರ್ಬೋನೈಟ್ರೈಡ್. ನಮ್ಮ ಹಳೆಯದು ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್.

ಜಾಬ್ ಎಚ್13 ಅನ್ನುವ ಟೂಲ್ ಸ್ಟೀಲ್‌ನ ಡೈ, ಗಟ್ಟಿತನ 48 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ). ಹಳೆಯ ಟೂಲಿನ ಸ್ಪೀಡಿಗೇ ಹಾಕಿದೆವು. 10 ಎಂಎಂ ಟೂಲ್, 4800 ಆರ್‌ಪಿಎಂ, ಕೂಲೆಂಟ್ (ತಣ್ಣಗಿಡುವ ದ್ರವ) ಇಲ್ಲ, ಬರೀ ಗಾಳಿ. ಮುಕ್ಕಾಲು ಗಂಟೆ ಆಗಿರಲಿಲ್ಲ, ಆಪರೇಟರ್ ಬಂದು "ಸರ್, ಸೌಂಡ್ ಬೇರೆ ಬರ್ತಿದೆ" ಅಂದ. ತೆಗೆದು ನೋಡಿದರೆ ಅಂಚಿನ ಉದ್ದಕ್ಕೂ ಕೋಟಿಂಗ್ ಹೋಗಿ ಕಾರ್ಬೈಡ್ ಕಾಣುತ್ತಿತ್ತು.

ಆಗ ನಾನು ಎರಡನೇ ತಪ್ಪು ಮಾಡಿದೆ. ಬಿಸಿ ಜಾಸ್ತಿ ಆಯಿತಲ್ವಾ, ಹೊಸ ಟೂಲ್ ಹಾಕಿ, ಸ್ಪೀಡ್ ಇಳಿಸದೆ, ಕೂಲೆಂಟ್ ಹರಿಸಿದೆ. ಮಿಲ್ಲಿಂಗ್‌ನಲ್ಲಿ ಹಲ್ಲು ಕಚ್ಚಿದಾಗ ಕಾಯುತ್ತದೆ, ಹೊರಗೆ ಬಂದಾಗ ತಣ್ಣಗಾಗುತ್ತದೆ, ನಿಮಿಷಕ್ಕೆ ಸಾವಿರಾರು ಸಲ. ಅದರ ಮೇಲೆ ಕೂಲೆಂಟ್ ಸುರಿದರೆ ಕಾದ ಗಾಜಿಗೆ ನೀರು ಹಾಕಿದ ಹಾಗೆ. ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಸಣ್ಣ ಬಿರುಕು ಬಿಟ್ಟು, ಒಂದು ತುಂಡು ಹಾರಿ ಡೈ ಗೋಡೆಗೆ ಗೀರು ಬಿತ್ತು. ವೆಲ್ಡಿಂಗ್ ಹಾಕಿಸಿ ಮತ್ತೆ ಮಿಲ್ ಮಾಡಿದೆವು. ಟೂಲ್‌ನಲ್ಲಿ ಉಳಿಸಿದ ದುಡ್ಡು ಅಲ್ಲೇ ಹೋಯಿತು, ಇನ್ನೂ ಮೇಲೆ ಬಿತ್ತು.

ಆಮೇಲೆ ಗೊತ್ತಾದದ್ದು ಇಷ್ಟು. ಆ 3000 ಅನ್ನುವುದು ತಣ್ಣಗಿರುವಾಗ ಅಳೆದ ಗಟ್ಟಿತನ. ಇಂಥ ಜಾಬ್ ಡ್ರೈ, ಅಂದರೆ ಕೂಲೆಂಟ್ ಇಲ್ಲದೆ, ಓಡಿಸಿದರೆ ಅಂಚಿನಲ್ಲಿ 600 ಡಿಗ್ರಿ ದಾಟುವುದು ಮಾಮೂಲು. ಕಾರ್ಬೋನೈಟ್ರೈಡ್ ಸುಮಾರು 400 ಡಿಗ್ರಿಗೇ ಸೋಲಲು ಶುರುಮಾಡುತ್ತದೆ. ಬಂಗಾರದ ಬಣ್ಣದ ಸಾದಾ ಟೈಟಾನಿಯಂ ನೈಟ್ರೈಡ್ 500ರ ಆಸುಪಾಸಿನಲ್ಲಿ. ಗಾಳಿಯ ಆಕ್ಸಿಜನ್ ಸೇರಿ ಟೈಟಾನಿಯಂ ಆಕ್ಸೈಡ್ ಆಗುತ್ತದೆ. ಅದಕ್ಕೆ ಜಾಗ ಜಾಸ್ತಿ ಬೇಕು, ಹಾಗಾಗಿ ಉಬ್ಬಿ, ಬಿರಿದು, ಉದುರುತ್ತದೆ. ಕೋಟಿಂಗ್ ದಪ್ಪವೇ ಮೂರು ಮೈಕ್ರಾನ್, ಕೂದಲಿನ ದಪ್ಪದಲ್ಲಿ ಇಪ್ಪತ್ತನೇ ಒಂದು ಪಾಲೂ ಇಲ್ಲ. ಉದುರಿದ ಗಟ್ಟಿ ಚೂರುಗಳು ಸುಮ್ನೆ ಇರುವುದಿಲ್ಲ, ಮರಳಿನ ಹಾಗೆ ಅಂಚನ್ನೇ ಉಜ್ಜುತ್ತವೆ.

ಅಲ್ಯೂಮಿನಿಯಂ ಇರುವ ಕೋಟಿಂಗ್ ಮಾಡುವ ಜಾದೂ ಬೇರೆ. ಬಿಸಿಯಾದಾಗ ಅದರ ಮೇಲೆ ಅಲ್ಯೂಮಿನಾದ (ಅಲ್ಯೂಮಿನಿಯಂ ಆಕ್ಸೈಡ್) ತೆಳು ಪದರ ಕಟ್ಟುತ್ತದೆ. ಅದು ಬಿಗಿಯಾಗಿ ಮುಚ್ಚಿಕೊಂಡು ಆಕ್ಸಿಜನ್ ಒಳಗೆ ಹೋಗದಂತೆ ತಡೆಯುತ್ತದೆ. ಸುಮಾರು 800 ಡಿಗ್ರಿವರೆಗೂ ನಿಲ್ಲುವುದು ಇದರಿಂದಲೇ. ಆದರೆ ಇದನ್ನೇ ಅಲ್ಯೂಮಿನಿಯಂ ಜಾಬಿಗೆ ಹಾಕಬೇಡಿ, ಲೋಹ ಅಂಟಿಕೊಳ್ಳುತ್ತದೆ. ಅಲ್ಲಿಗೆ ವಜ್ರದಂಥ ಕಾರ್ಬನ್ ಕೋಟಿಂಗ್, ಅಂದರೆ ಡಿಎಲ್‌ಸಿ, ಚೆನ್ನ. ಅದನ್ನು ಮತ್ತೆ ಕಾದ ಸ್ಟೀಲ್ ಮೇಲೆ ಓಡಿಸಿದರೆ ಗ್ರಾಫೈಟ್ ಆಗಿ ಮೆತ್ತಗಾಗುತ್ತದೆ!

ಮಾರುವವರು ಗಟ್ಟಿತನದ ಅಂಕಿ ಹೇಳಿದರೆ, ಎಷ್ಟು ಡಿಗ್ರಿವರೆಗೆ, ಡ್ರೈನಲ್ಲೋ ಕೂಲೆಂಟ್‌ನಲ್ಲೋ ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಅವರು ಸುಳ್ಳೇನೂ ಹೇಳಿರಲಿಲ್ಲ, ನಾನು ಕೇಳಲಿಲ್ಲ ಅಷ್ಟೇ.

ಉಳಿದ ಎಂಟು ಟೂಲ್ ಎಸೆದಿಲ್ಲ. ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತಗಿನ ಸಾದಾ ಸ್ಟೀಲ್) ಜಾಬಿಗೆ, ಸ್ಪೀಡ್ ಇಳಿಸಿ, ಮೊದಲಿನಿಂದಲೂ ಕೂಲೆಂಟ್ ಹರಿಸಿ ಓಡಿಸುತ್ತಿದ್ದೇವೆ. ಅಲ್ಲಿ ಚೆನ್ನಾಗಿಯೇ ಬರುತ್ತಿವೆ, ಪಾಪ.