ಇಸ್ಪೀಟಿಗೆ ಒಂದೇ ಸಲ ದುಡ್ಡು, ಜೆಮ್ಸ್ ಪೆಟ್ಟಿಗೆಗೆ ದಿನಾ ದುಡ್ಡು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಲಾಟ್ರೋ ಎಂಬ ಇಸ್ಪೀಟ್ ಆಟಕ್ಕೆ. ಇನ್ನೊಂದು ಆಟಕ್ಕೆ 5,453 ರೂಪಾಯಿ ಸುರಿದು ಬಂದವನಿಂದ ತಕ್ಕಡಿ ಸಮ ಹಿಡಿದ ಹೋಲಿಕೆಯನ್ನು ನಿರೀಕ್ಷಿಸಬೇಡಿ.

ಆ ಇನ್ನೊಂದರ ಹೆಸರು ಬೇಡ. ಫೋನಿಗೆ ಪುಕ್ಕಟೆ ಇಳಿಯುವ ಕಾರ್ಡ್ ಕಾಳಗ. ಮುದ್ದು ಮುದ್ದಾದ ರಾಕ್ಷಸರಿದ್ದಾರೆ, ಕಾರ್ಡ್ ಎಸೆದರೆ ಎದ್ದು ಹೊಡೆದಾಡುತ್ತಾರೆ. ಇಂಥ ಆಟ ಹತ್ತಾರಿವೆ, ಒಂದನ್ನು ಆಡಿದವರಿಗೆ ಉಳಿದವೂ ಗೊತ್ತು. ದಾವಣಗೆರೆಯಲ್ಲಿರುವ ನನ್ನ ಭಾವಮೈದ "ಬನ್ನಿ ಭಾವ, ನಮ್ ಟೀಮಿಗೆ ಒಬ್ರು ಕಮ್ಮಿ ಇದ್ದಾರೆ" ಎಂದು 2025ರ ಮಾರ್ಚಿನಲ್ಲಿ ಎಳೆದುಕೊಂಡ. ಸೆಪ್ಟೆಂಬರ್ ತನಕ ಆಡಿದೆ. ಅಕ್ಟೋಬರಿನಿಂದ ಬಲಾಟ್ರೋ. ಫೋನು ಅದೇ, ಬೆಳಗ್ಗೆ ಸಂಜೆಯ ಮೆಟ್ರೋ ಅದೇ, ಕೈಯಲ್ಲಿ ಸಿಗುವ ನಲವತ್ತು ನಿಮಿಷವೂ ಅದೇ.

ಚಿತ್ರದ ಅಂದಚೆಂದ ನೋಡಿದರೆ ಕಾಳಗವೇ ಮುಂದು. ಅದರಲ್ಲಿ ಎರಡು ಮಾತಿಲ್ಲ.

ನನ್ನನ್ನು ಅಲ್ಲಿಂದ ಓಡಿಸಿದ್ದು ಒಂದು ಸಣ್ಣ ಲೆಕ್ಕ. ಅಲ್ಲಿ ಒಳ್ಳೆಯ ಕಾರ್ಡು ಬರುವುದು ಪೆಟ್ಟಿಗೆಯಲ್ಲಿ, ಒಳಗೇನಿದೆ ಎಂದು ತೆರೆದ ಮೇಲಷ್ಟೇ ಗೊತ್ತಾಗುವುದು. ಪೆಟ್ಟಿಗೆಯನ್ನು ರೂಪಾಯಿಗೆ ಕೊಡುವುದಿಲ್ಲ, 150 ಜೆಮ್ಸ್ ಕೇಳುತ್ತಾರೆ, ಅದು ಆಟದೊಳಗಿನ ನಾಣ್ಯ. ಜೆಮ್ಸ್ ಸಿಗುವುದು 80ರ ಪ್ಯಾಕಿನಲ್ಲಿ, ಬೆಲೆ 89 ರೂಪಾಯಿ. ಒಂದು ಪ್ಯಾಕ್ ಕೊಂಡರೆ ಸಾಲದು. ಎರಡು ಕೊಂಡರೆ 160 ಆಗುತ್ತದೆ, ಪೆಟ್ಟಿಗೆ ತೆರೆದ ಮೇಲೆ ಹತ್ತು ಉಳಿಯುತ್ತದೆ. ಆ ಹತ್ತಕ್ಕೆ ಏನೂ ಬರುವುದಿಲ್ಲ. ಮತ್ತೆ ಎರಡು ಪ್ಯಾಕ್ ಕೊಳ್ಳಿ, ಈಗ ಇಪ್ಪತ್ತು ಉಳಿಯುತ್ತದೆ.

ಕಂಡಕ್ಟರ್ ಚಿಲ್ಲರೆ ಇಲ್ಲವೆಂದು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, ಇಳಿಯುವ ತನಕ ಮನಸ್ಸೆಲ್ಲ ಆ ಚೀಟಿಯ ಮೇಲೆಯೇ ಇರುತ್ತದಲ್ಲ, ಹಾಗೆಯೇ ಇದು. ವ್ಯತ್ಯಾಸವೆಂದರೆ ಈ ಬಸ್ಸಿಗೆ ಕೊನೆಯ ಸ್ಟಾಪಿಲ್ಲ. ಒಂದು ದಿನ ಹೋಟೆಲ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿ ನೋಡಿದೆ. ಬಾಕಿ ಸೊನ್ನೆಗೆ ಬರಬೇಕಾದರೆ ಹದಿನೈದು ಪ್ಯಾಕ್ ಕೊಂಡು ಎಂಟು ಪೆಟ್ಟಿಗೆ ತೆರೆಯಬೇಕು, ಅಂದರೆ 1,335 ರೂಪಾಯಿ. ದೊಡ್ಡ ಪ್ಯಾಕ್ ಕೊಂಡರೆ ಸರಿಹೋದೀತು ಅಂದುಕೊಂಡರೆ 449 ರೂಪಾಯಿಗೆ ಕೊಡುವುದು 425 ಜೆಮ್ಸ್. ಮೂರು ಪೆಟ್ಟಿಗೆಗೆ 450 ಬೇಕು. ಇಪ್ಪತ್ತೈದು ಕಮ್ಮಿ! ಕೈತಪ್ಪಿ ಬಿದ್ದ ಅಂಕಿಗಳಲ್ಲ ಇವು. ಎಲ್ಲೋ ಯಾರೋ ಕೂತು, ಯಾವ ದಾರಿಯಲ್ಲಿ ಹೋದರೂ ಒಂದಿಷ್ಟು ಉಳಿಯುವಂತೆ, ಉಳಿದದ್ದು ಯಾತಕ್ಕೂ ಸಾಲದಂತೆ ಲೆಕ್ಕ ಜೋಡಿಸಿದ್ದಾರೆ. ರಾಕ್ಷಸರನ್ನು ರೂಪಿಸಿದವರಿಗಿಂತ ಬುದ್ಧಿವಂತರು ಅವರೇ.

ಇದು ನನ್ನೊಬ್ಬನ ಗೊಣಗಾಟವೂ ಅಲ್ಲ. 2025ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗ ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಆಟದ ತಯಾರಕರ ಜೊತೆ 2 ಕೋಟಿ ಡಾಲರ್‌ಗೆ ಪ್ರಕರಣ ಇತ್ಯರ್ಥ ಮಾಡಿಕೊಂಡಾಗ ಹಾಕಿದ ಷರತ್ತುಗಳಲ್ಲಿ ಇದೂ ಒಂದು: ಅದೃಷ್ಟದ ಪೆಟ್ಟಿಗೆಯನ್ನು ಆಟದ ನಾಣ್ಯಕ್ಕಷ್ಟೇ ಮಾರಬಾರದು, ನೇರವಾಗಿ ನಿಜವಾದ ಹಣಕ್ಕೂ ಕೊಳ್ಳಲು ಬಿಡಬೇಕು. ನಾನು ಆಡುತ್ತಿದ್ದದ್ದು ಆ ಆಟವಲ್ಲ. ಆದರೆ ಆಮೇಲೆ ಆ ಸುದ್ದಿ ಓದಿದಾಗ ನನ್ನ ಹೋಟೆಲ್ ಬಿಲ್ಲು ನೆನಪಾಯಿತು. ಅದಕ್ಕೂ ಹಿಂದೆ, 2018ರಲ್ಲೇ, ಬೆಲ್ಜಿಯಂನ ಜೂಜು ಆಯೋಗ ಇಂಥ ಕೆಲವು ಪೆಟ್ಟಿಗೆಗಳನ್ನು ಜೂಜು ಎಂದೇ ಕರೆದಿತ್ತು. ನಮ್ಮಲ್ಲಿ 2025ರ ಆಗಸ್ಟಿನ ಕೇಂದ್ರ ಕಾನೂನಿನಿಂದ ಹಣ ಕಟ್ಟುವ ರಮ್ಮಿ ಆ್ಯಪ್‌ಗಳು ನಿಂತವು. ನನ್ನ ಕಾಳಗ ಮಾತ್ರ ಎಂದಿನಂತೆ ನಡೆಯಿತು. ಅಲ್ಲಿ ಗೆದ್ದರೆ ಹಣ ಬರುವುದಿಲ್ಲ ನೋಡಿ, ಹೋಗುವುದಷ್ಟೇ.

ಈಗ ಬಲಾಟ್ರೋ. ಅಮೆರಿಕದಲ್ಲಿ ಇದರ ಫೋನ್ ಆವೃತ್ತಿಯ ಬೆಲೆ 9.99 ಡಾಲರ್, ನನಗೆ ಸಾವಿರ ರೂಪಾಯಿಯೊಳಗೆ ಬಿತ್ತು. ಅಲ್ಲಿಗೆ ಮುಗಿಯಿತು, ಆಮೇಲೆ ಅದು ಒಂದು ರೂಪಾಯಿಯನ್ನೂ ಕೇಳಿಲ್ಲ. ಮಾಡಿದವರು ಕೆನಡಾದ ಒಬ್ಬ ವ್ಯಕ್ತಿ. ನಿಜ ಹೆಸರು ಹೇಳಿಕೊಳ್ಳದೆ ಲೋಕಲ್‌ಥಂಕ್ ಎಂದಷ್ಟೇ ಕರೆದುಕೊಳ್ಳುತ್ತಾರೆ. ಕಂಪ್ಯೂಟರಿಗೆ ಬಂದದ್ದು 2024ರ ಫೆಬ್ರವರಿಯಲ್ಲಿ, ಒಂದೇ ತಿಂಗಳಲ್ಲಿ ಹತ್ತು ಲಕ್ಷ ಪ್ರತಿ ಖರ್ಚಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಫೋನಿಗೂ ಬಂತು.

ಆಟ ಸರಳ. ನಮ್ಮ ಅದೇ 52 ಇಸ್ಪೀಟ್ ಎಲೆ. ಕೈಗೆ ಎಂಟು ಬರುತ್ತವೆ, ಐದರ ತನಕ ಇಳಿಸಬಹುದು. ಜೋಡಿ, ಸೀಕ್ವೆನ್ಸ್, ಒಂದೇ ಜಾತಿಯ ಐದು ಎಲೆ, ಹೀಗೆ ಇಳಿಸಿದ್ದಕ್ಕೆ ತಕ್ಕ ಅಂಕ. ಮೊದಲ ಸುತ್ತು ದಾಟಲು 300 ಬೇಕು. ಎರಡು ರಾಜನನ್ನು ಇಟ್ಟರೆ ಬರುವುದು 60. ಇದರಲ್ಲಿ ಉದ್ಧಾರವಾಗುವುದು ಹೇಗೆ ಅಂತ ಕೂತಿರುವಾಗ ಆಟದೊಳಗಿನ ಅಂಗಡಿಯಲ್ಲಿ ಗ್ರೋ ಮಿಶೆಲ್ ಎಂಬ ಜೋಕರ್ ಸಿಗುತ್ತದೆ, ಅಂದರೆ ಲೆಕ್ಕವನ್ನೇ ಬದಲಿಸುವ ಕಾರ್ಡು. ಚಿತ್ರದಲ್ಲಿರುವುದು ಬರೀ ಒಂದು ಬಾಳೆಹಣ್ಣು. ಅದನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಎರಡು ರಾಜನನ್ನು ಇಳಿಸಿ: 510! ಅಂಕದ ಪಟ್ಟಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಅಂಥ ಜೋಕರ್‌ಗಳು ಒಟ್ಟು 150.

ಆ ಬಾಳೆಹಣ್ಣಿಗೊಂದು ಕುತ್ತಿದೆ. ಪ್ರತಿ ಸುತ್ತಿನ ಕೊನೆಗೆ ಆರರಲ್ಲಿ ಒಂದು ಪಾಲು ಸಾಧ್ಯತೆ, ಅದು ಮಾಯವಾಗಿಬಿಡುತ್ತದೆ. ಹಾಗೆ ಹೋದ ಮೇಲೆಯೇ ಅಂಗಡಿಗೆ ಕ್ಯಾವೆಂಡಿಶ್ ಎಂಬ ಇನ್ನೂ ಜೋರಾದ ಬಾಳೆ ಬರಲು ಶುರುವಾಗುವುದು. ಲೋಕದಲ್ಲಿ ನಡೆದದ್ದೂ ಇದೇ ತಾನೆ? 1950ರ ದಶಕದ ತನಕ ಹಡಗು ಹತ್ತಿ ಹೋಗುತ್ತಿದ್ದ ಬಾಳೆ ಗ್ರೋ ಮಿಶೆಲ್. ಪನಾಮ ಸೊರಗು ರೋಗ ಅದನ್ನು ತಿಂದುಹಾಕಿತು, ಆ ಜಾಗಕ್ಕೆ ಕ್ಯಾವೆಂಡಿಶ್ ಬಂತು. ನಮ್ಮ ನಂಜನಗೂಡು ರಸಬಾಳೆಯನ್ನು ಹಿಂಡಿದ್ದೂ ಅದೇ ಸೊರಗು, ಈಗ ತಳ್ಳುಗಾಡಿಯಲ್ಲಿ ಸಿಗುವ ಪಚ್ಚಬಾಳೆಯೂ ಕ್ಯಾವೆಂಡಿಶ್ ವಂಶದ್ದೇ. ಮೆಟ್ರೋದಲ್ಲಿ ಇದು ಹೊಳೆದಾಗ ಒಬ್ಬನೇ ನಕ್ಕೆ, ಪಕ್ಕದವರು ಸ್ವಲ್ಪ ಸರಿದು ಕೂತರು. ಬಾಳೆಯ ರೋಗವನ್ನು ಇಸ್ಪೀಟಿನೊಳಗೆ ತರೋಣ ಅಂತ ಯಾವ ಕಂಪನಿಯ ಮೀಟಿಂಗಿನಲ್ಲಾದರೂ ಹೇಳಿ ನೋಡಿ. ಇದರಿಂದ ಎಷ್ಟು ಜನ ದುಡ್ಡು ಕೊಡ್ತಾರೆ ಅನ್ನುವುದೇ ಮೊದಲ ಪ್ರಶ್ನೆಯಾಗಿರುತ್ತದೆ. ಒಬ್ಬನೇ ಕೂತು ಮಾಡುವವನಿಗೆ ಆ ಮೀಟಿಂಗೇ ಇಲ್ಲ. ಸೋತರೆ ಸೋತದ್ದೂ ಅವನೊಬ್ಬನೇ.

ಹಾಗಂತ ಬಲಾಟ್ರೋ ಸಾಧು ಅಲ್ಲ. ಜೂಜುಕಟ್ಟೆಯ ಕಸುಬೆಲ್ಲ ಅದರಲ್ಲಿದೆ. ಬೆಂಕಿ ಇದೆ, ಟಿಣ್ ಟಿಣ್ ಸದ್ದಿದೆ, 'ಇನ್ನೊಂದೇ ಕೈ' ಅನ್ನುವ ತುರಿಕೆ ಇದೆ. ಸೀಲು ಒಡೆದು ನೋಡುವ ಪ್ಯಾಕೆಟ್ಟುಗಳು ಅಲ್ಲೂ ಇವೆ, ಆದರೆ ಅವನ್ನು ಕೊಳ್ಳುವುದು ಆಡಿ ಗಳಿಸಿದ ಸುಳ್ಳು ಡಾಲರಿನಲ್ಲಿ. ರಾತ್ರಿ ಒಂದು ಗಂಟೆಯ ತನಕ ಕೂರಿಸಿದೆ, ಎರಡು ಸಲ ಇಳಿಯುವ ಸ್ಟೇಷನ್ ದಾಟಿಸಿದೆ. ನಿದ್ದೆ ತಿಂದಿದೆ, ಸಂಬಳ ತಿಂದಿಲ್ಲ. ತನ್ನ ಆಟವನ್ನು ಯಾವ ಜೂಜಿನ ಕಂಪನಿಗೂ ಎಂದಿಗೂ ಮಾರಕೂಡದೆಂದು ಉಯಿಲು ಬರೆದಿಟ್ಟಿರುವುದಾಗಿ ಲೋಕಲ್‌ಥಂಕ್ ಹೇಳಿಕೊಂಡಿದ್ದಾರೆ.

ತಮಾಷೆ ಇರುವುದು ಇಲ್ಲಿ. ಯುರೋಪಿನಲ್ಲಿ ಆಟಗಳಿಗೆ ವಯಸ್ಸಿನ ಚೀಟಿ ಅಂಟಿಸುವ ಪೆಗಿ ಸಂಸ್ಥೆ ಬಲಾಟ್ರೋಗೆ 18 ಎಂದು ಬರೆದಿತ್ತು, ಪೋಕರ್ ಕೈಗಳನ್ನು ಕಲಿಸುತ್ತದೆ ಎಂಬ ಕಾರಣಕ್ಕೆ. ಅದೇ ಹೊತ್ತಿಗೆ ಆಟಗಾರರ ಕಾರ್ಡ್ ಪ್ಯಾಕ್ ಅನ್ನು ನಿಜ ದುಡ್ಡಿಗೆ ಮಾರುವ ಫುಟ್‌ಬಾಲ್ ಆಟಕ್ಕೆ ಇದ್ದದ್ದು 3. ಹಾಗಾದರೆ ನಾನೂ ಹಣ ಕೀಳುವ ಪ್ಯಾಕ್ ಸೇರಿಸಿ 3 ಮಾಡಿಸಿಕೊಳ್ಳಲೇ ಎಂದು ಲೋಕಲ್‌ಥಂಕ್ ಚುಚ್ಚಿದ್ದರು. ಮೇಲ್ಮನವಿಯ ನಂತರ 2025ರ ಫೆಬ್ರವರಿಯಲ್ಲಿ ಅದು 12ಕ್ಕೆ ಇಳಿಯಿತು.

ನಮ್ಮ ಮನೆಯ ಪೆಗಿ ಎಂದರೆ ಅಮ್ಮ. ದೀಪಾವಳಿಗೆ ತಿಪಟೂರಿನಿಂದ ಬಂದಿದ್ದರು. ಹಿಂದಿನ ಯುಗಾದಿಗೆ ಬಂದಾಗ ನಾನು ಕಾಳಗದಲ್ಲಿ 89, 89 ಅಂತ ಯುಪಿಐ ಒತ್ತುತ್ತಿದ್ದರೆ "ಏನೋ ಮಕ್ಕಳಾಟ" ಅಂದು ಸುಮ್ಮನಿದ್ದವರು, ಈ ಸಲ ಫೋನಿನಲ್ಲಿ ಆಸು, ರಾಜ, ಗುಲಾಮ ಕಂಡದ್ದೇ ಕನ್ನಡಕ ಏರಿಸಿದರು. "ಏನೋ ಇದು, ಇಸ್ಪೀಟ್ ಹಿಡ್ಕೊಂಡ್ಯಾ? ನಿಮ್ ದೊಡ್ಡಪ್ಪ ತೋಟ ಕಳ್ಕೊಂಡಿದ್ದು ಸಾಲ್ದಾ?" ಇದರಲ್ಲಿ ದುಡ್ಡಿಲ್ಲಮ್ಮ ಅಂದರೆ ನಂಬುವುದು ಹೇಗೆ? ಇಸ್ಪೀಟು ಅಂದಮೇಲೆ ಇಸ್ಪೀಟೇ.

ಉಳಿದ ಸಣ್ಣಪುಟ್ಟವು. ಸುರಂಗದಲ್ಲಿ ಸಿಗ್ನಲ್ ಹೋದರೆ ಕಾಳಗ ಅಲ್ಲೇ ಸೋಲು, ಬಲಾಟ್ರೋಗೆ ನೆಟ್ಟೇ ಬೇಡ. ಜೋಕರ್ ಮೇಲಿನ ಬರಹ ಫೋನಿನಲ್ಲಿ ತೀರಾ ಸಣ್ಣದು, ನಲವತ್ತು ದಾಟಿದ ಕಣ್ಣಿಗೆ ಕಷ್ಟ. ಕನ್ನಡ ಎರಡರಲ್ಲೂ ಇಲ್ಲ. ಜೊತೆಗಾರರು ಬೇಕೆಂದರೆ ಕಾಳಗವೇ ಸರಿ: ರಾತ್ರಿ ಒಂಬತ್ತಕ್ಕೆ ಭಾವಮೈದನ ಜೊತೆ ಹರಟುತ್ತಾ ಆಡುತ್ತಿದ್ದದ್ದು ಈಗಿಲ್ಲ, ಅದೊಂದು ನಷ್ಟವೇ. ಅವನು ಇವತ್ತಿಗೂ ಒಂದು ಪೈಸೆ ಹಾಕದೆ ಆಡುತ್ತಾನೆ. ಅಂಥ ಕೈ ಇದ್ದವರು ಧಾರಾಳವಾಗಿ ಅಲ್ಲೇ ಇರಿ.

ನನ್ನ ಕೈ ಅಂಥದ್ದಲ್ಲ. ತಿಂಗಳಿಗೆ ಐನೂರು ಆಟಕ್ಕೆ ಅಂತ ಎತ್ತಿಡುವವನು ನಾನು. ಐನೂರರ ನೋಟು ಒಮ್ಮೆಗೆ ಹೋದರೆ ಲೆಕ್ಕ ಇಡುತ್ತೇನೆ, 89 ಹೋದರೆ ಇಡುವುದಿಲ್ಲ. ಆ್ಯಪ್ ತೆಗೆದುಹಾಕಿದ ದಿನ ಏಳು ತಿಂಗಳ ಯುಪಿಐ ಪಟ್ಟಿ ತೆರೆದು ಕೂಡಿದೆ: 89ರದ್ದು 31 ಸಲ, 449ರದ್ದು 6 ಸಲ. ಒಟ್ಟು 5,030 ಜೆಮ್ಸ್, 33 ಪೆಟ್ಟಿಗೆ. ಖಾತೆಯಲ್ಲಿ ಉಳಿದದ್ದು 80. ಅಂದರೆ ಕಟ್ಟಕಡೆಗೆ ಕೊಂಡ ಪ್ಯಾಕು ಪೂರ್ತಿ ಹಾಗೆಯೇ ಇದೆ, ಒಂದು ಜೆಮ್ಮೂ ಖರ್ಚಾಗಿಲ್ಲ.